ಕೊಲ್ಹಾಪುರದ ಕೇಶವರಾವ ಭೋಸಲೆ ನಾಟ್ಯಗೃಹವೂ ನಮ್ಮ ಹುಬ್ಬಳ್ಳಿಯೂ

ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಶಾಲೆಗಳ ವಾರ್ಷಿಕ ಪ್ರವಾಸವೆಂದರೆ ಕೊಲ್ಹಾಪುರವು ಸಾಮಾನ್ಯವಾಗಿ ತಪ್ಪುವದಿಲ್ಲ. ಮಹಾಲಕ್ಷ್ಮಿಯ ದರ್ಶನ, ರಂಕಾಳ ಕೆರೆಯ ದಂಡೆಯ ಮೇಲೆ ಬುತ್ತಿ, ಪನ್ಹಾಳಗಡ, ಜೋತಿಬಾ, ಹೊಸ ಅರಮನೆಯ ವಸ್ತುಸಂಗ್ರಹಾಲಯ, ಇಷ್ಟಾದ ಮೇಲೆ ಮಕ್ಕಳಿಗೆ ಚಪ್ಪಲಿಯ ಪೇಟೆ. ಈ ದಾರಿಯಲ್ಲಿಯೇ, ಖಾಸಬಾಗದ ಕುಸ್ತಿಯ ಮೈದಾನಕ್ಕೆ ಬೆನ್ನು ಹತ್ತಿಕೊಂಡು ನಿಂತ ಕಲ್ಲುಗೋಡೆಯ ಒಂದು ನಾಟ್ಯಗೃಹವುಂಟು. ನಮ್ಮಲ್ಲಿ ಬಹುಜನ ಶಿಕ್ಷಕರು ಅದರ ಮುಂದಿನಿಂದ ಹಾಯ್ದು ಹೋದವರೇ. ಒಳಗೆ ಹೊಕ್ಕವರು ಕಡಿಮೆ. ೨೦೨೪ನೆಯ ಇಸವಿಯ ಆಗಸ್ಟ ೮ರ ರಾತ್ರಿ ಆ ಕಟ್ಟಡಕ್ಕೆ ಬೆಂಕಿ ಹತ್ತಿ, ರಂಗವೂ ಮಾಡೂ ಸುಟ್ಟುಹೋದ ಸುದ್ದಿ ಬಂದಾಗ "ಅದು ಮರಾಠಿಯವರ ಥಿಯೇಟರಲ್ಲವೇ?" ಎಂದು ಕೇಳಿದ ಮಿತ್ರರೂ ನಮಗೆ ಉಂಟು. ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಕೊಡಬೇಕೆಂಬುದೇ ಈ ಲೇಖನದ ಉದ್ದೇಶ. ಮರಾಠಿಯವರದು ಅಹುದು, ಆದರೆ ಅದರ ಕಥೆಯಲ್ಲಿ ಕನ್ನಡ ನಾಡು ಹೊರಗೆ ನಿಂತು ನೋಡಿದ ನೆರೆಮನೆಯಲ್ಲ.

ಕಟ್ಟಿಸಿದವರು ರಾಜರ್ಷಿ ಶಾಹು ಮಹಾರಾಜರು. ೧೮೭೪ರಲ್ಲಿ ಜನಿಸಿ ೧೮೯೪ರಿಂದ ೧೯೨೨ರ ವರೆಗೆ ಕೊಲ್ಹಾಪುರ ಸಂಸ್ಥಾನವನ್ನು ಆಳಿದ ಈ ಅರಸರ ಹೆಸರನ್ನು ಶಿಕ್ಷಕರಾದ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ೧೯೦೨ರಲ್ಲಿ ಹಿಂದುಳಿದವರಿಗಾಗಿ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ೫೦ನ್ನು ಕಾಯ್ದಿರಿಸಿದವರು ಅವರೇ, ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಮಾಡಿದವರೂ ಅವರೇ. ೧೯೦೨ರಲ್ಲಿಯೇ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ನಿಮಿತ್ತ ಯುರೋಪಕ್ಕೆ ಹೋಗಿದ್ದಾಗ ರೋಮಿನ ಹಳೆಯ ಬಯಲು ರಂಗಗಳನ್ನು ಅವರು ನೋಡಿದರು. ಹಿಂತಿರುಗಿ ಬಂದು, ಸುತ್ತಲೂ ಏರುತ್ತ ಹೋಗುವ ಆಸನಗಳ ನಡುವೆ ಕೆಮ್ಮಣ್ಣಿನ ಅಖಾಡವಿರುವ ಖಾಸಬಾಗ ಮೈದಾನವನ್ನು ಮಾಡಿಸಿದರು. ಹತ್ತಾರು ಸಾವಿರ ಜನ ಕುಳಿತರೂ ಮಲ್ಲರ ಪಟ್ಟು ಎಲ್ಲರಿಗೂ ಕಾಣಬೇಕೆಂಬುದು ಅದರ ಯೋಜನೆ. ೧೯೧೨ರಲ್ಲಿ ಆ ಮೈದಾನವು ತೆರೆಯಿತು. ಮರುವರ್ಷ ೧೯೧೩ರಲ್ಲಿ ಅದರ ಮಗ್ಗುಲಿಗೇ ನಾಟ್ಯಗೃಹದ ಕೆಲಸಕ್ಕೆ ಕೈಹಚ್ಚಲಾಯಿತು. ೧೯೧೫ರ ಅಕ್ಟೋಬರದಲ್ಲಿ, ಜಗತ್ತಿನ ಮೊದಲನೆಯ ಮಹಾಯುದ್ಧ ನಡೆದಿರುವಾಗಲೇ, "ಪ್ಯಾಲೇಸ್ ಥಿಯೇಟರ್" ಎಂಬ ಹೆಸರಿನಿಂದ ಅದು ಸಿದ್ಧವಾಯಿತು. ಕುಸ್ತಿ ಮತ್ತು ಸಂಗೀತ ಇವೆರಡೂ ಒಂದೇ ಅಂಗಳದಲ್ಲಿ! ಬೇರೊಬ್ಬ ಅರಸನಾಗಿದ್ದರೆ ನಾಟಕಶಾಲೆಯನ್ನು ಅರಮನೆಯ ಒಳಚೌಕದಲ್ಲಿ ಕಟ್ಟಿಸುತ್ತಿದ್ದನು. ಶಾಹು ಮಹಾರಾಜರು ಪೇಟೆಯ ಜನ ನಡೆದುಬರುವ ಜಾಗದಲ್ಲಿ ಕಟ್ಟಿಸಿದರು. ಹೆಸರಿಗೆ ಮಾತ್ರ ಅದು ಅರಮನೆಯ ಥಿಯೇಟರು.

ಅಲ್ಲಿಯ ವರೆಗೆ ನಾಟಕ ಕಂಪನಿಗಳು ಎಲ್ಲಿ ಆಡುತ್ತಿದ್ದವು ಎಂಬುದನ್ನು ನೆನೆದರೆ ಈ ಕಟ್ಟಡದ ಮಹತ್ವ ತಿಳಿಯುವದು. ತಟ್ಟಿ ಕಟ್ಟಿ, ತಗಡು ಹೊದಿಸಿ ಎಬ್ಬಿಸಿದ ಮಂಟಪವೇ ನಾಟಕಗೃಹ. ಮಳೆ ಬಂದರೆ ತಗಡಿನ ಸದ್ದಿಗೆ ಪದ ಕೇಳದು. ಗಾಳಿ ಬಂದರೆ ಪರದೆ ನಿಲ್ಲದು. ದೀಪದ ಒಂದು ಕಿಡಿಗೆ ಎಲ್ಲವೂ ಆಹುತಿ. ಆಗ ಧ್ವನಿವರ್ಧಕವಿರಲಿಲ್ಲ. ನಟನ ಕಂಠವು ಬರಿಯ ಕಂಠವಾಗಿಯೇ ಹಿಂದಿನ ಸಾಲಿನ ನಾಲ್ಕಾಣೆಯ ಪ್ರೇಕ್ಷಕನನ್ನು ಮುಟ್ಟಬೇಕು. ಸಂಗೀತ ನಾಟಕದಲ್ಲಂತೂ ಒಂದೊಂದು ಪದಕ್ಕೆ ಮೇಲಿಂದ ಮೇಲೆ "ಒನ್ಸ್ ಮೋರ್" ಬೀಳುತ್ತಿದ್ದುದರಿಂದ ರಾತ್ರಿ ಕಳೆದು ನಸುಕಾಗುವ ವರೆಗೆ ಹಾಡಬೇಕಾಗುತ್ತಿತ್ತು. ಆದ್ದರಿಂದ ಒಳ್ಳೆಯ ನಾಟ್ಯಗೃಹವೆಂದರೆ ಮೊದಲು ಒಳ್ಳೆಯ ಕಿವಿಯುಳ್ಳ ಮನೆ. ಕೊಲ್ಹಾಪುರದ ಈ ಕಟ್ಟಡದಲ್ಲಿ ಪ್ರೇಕ್ಷಕರ ನಡುವೆ ಕಂಬಗಳಿರಲಿಲ್ಲ. ಆದಕಾರಣ ನೋಟಕ್ಕೂ ಅಡ್ಡಿಯಿಲ್ಲ, ಧ್ವನಿಗೂ ಅಡ್ಡಿಯಿಲ್ಲ. ರಂಗದ ಹಲಗೆಗಳ ಕೆಳಗೆ ಆಳವಾದ ಕುಣಿ ತೋಡಿ ಅದರಲ್ಲಿ ನೀರು ನಿಲ್ಲಿಸುತ್ತಿದ್ದರೆಂದೂ, ಅದರಿಂದ ಹಾಡಿಗೆ ಮೊಳಗು ಬರುತ್ತಿತ್ತೆಂದೂ ಊರವರು ಹೇಳುತ್ತ ಬಂದಿದ್ದಾರೆ. ನೀರಿನ ಮಾತು ಏನೇ ಇರಲಿ, ಟೊಳ್ಳಿನ ಮೇಲೆ ಹಾಸಿದ ಕಟ್ಟಿಗೆಯ ನೆಲವು ತಂಬೂರಿಯ ಕುಂಬಳದಂತೆ ನಾದವನ್ನು ತುಂಬಿಕೊಡುವದು ಎಂಬುದನ್ನು ವಿಜ್ಞಾನದ ಶಿಕ್ಷಕರು ತರಗತಿಯ ಮೇಜಿನ ಮೇಲೆ ಶ್ರುತಿಕವಲನ್ನು ಊರಿ ತೋರಿಸಬಹುದು. ಬರಿಗೈಯಲ್ಲಿ ಹಿಡಿದಾಗ ಕೇಳದ ಕವಲು ಮೇಜಿಗೆ ಮುಟ್ಟಿದೊಡನೆ ಇಡಿಯ ಕೋಣೆಗೆ ಕೇಳುವದು.

ಇನ್ನು ನಮ್ಮ ನಂಟಿನ ಮಾತು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮರಾಠಿ ರಂಗಭೂಮಿಯ ಜನ್ಮದಿನವೆಂದು ಆಚರಿಸಲ್ಪಡುವ ೧೮೪೩ರ ನವೆಂಬರ ೫ರಂದು ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ "ಸೀತಾಸ್ವಯಂವರ"ವನ್ನು ಆಡಿದರು. ಆಡಿಸಿದವರು ಸಾಂಗಲಿಯ ಅಧಿಪತಿ ಚಿಂತಾಮಣರಾವ ಪಟವರ್ಧನರು. ಅದಕ್ಕೆ ತುಸು ಮುಂಚೆ ಕನ್ನಡ ಕರಾವಳಿಯ ಕಡೆಯಿಂದ ಬಂದ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಆಟವಾಡಿತ್ತು. ಅದನ್ನು ನೋಡಿ, ಇಂಥದನ್ನು ಮರಾಠಿಯಲ್ಲಿ ಮಾಡಬಾರದೇಕೆ ಎಂದು ಅರಸರು ಭಾವೆಯವರಿಗೆ ಸೂಚಿಸಿದರು. ಮರಾಠಿಯ ಇತಿಹಾಸಕಾರರೇ ಇದನ್ನು ಒಪ್ಪಿ ಬರೆದಿದ್ದಾರೆ. ಮುಂದೆ ೧೮೮೦ರಲ್ಲಿ ಪುಣೆಯಲ್ಲಿ "ಶಾಕುಂತಲ"ವನ್ನು ಆಡಿ ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ, ಅದೂ ೧೮೪೩ರಲ್ಲಿಯೇ. ಅವರ ನಾಟಕದ ಪದಗಳಲ್ಲಿ ಕನ್ನಡದ ಧಾಟಿಗಳು ಸೇರಿವೆ. ಕೊಟ್ಟದ್ದು ಇಷ್ಟಾದರೆ ತಿರುಗಿ ಪಡೆದದ್ದೂ ಕಡಿಮೆಯಲ್ಲ. ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಗದಗಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ ನಮ್ಮ ಜನರನ್ನು ಮರುಳುಮಾಡಿದಾಗ, ನಮ್ಮ ಭಾಷೆಯಲ್ಲಿಯೂ ಇದು ಆಗಬೇಕೆಂದು ಪಣತೊಟ್ಟು ೧೮೭೦ರ ದಶಕದಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದಗದಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಹೀಗೆ ಸೂತ್ರವು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹೋಗುತ್ತ ಬಂದಿದೆ. ಕನ್ನಡ ಶಿಕ್ಷಕರಾದ ನಾವು ಮೊದಲಿನ ಅರ್ಧವನ್ನು ಹೆಮ್ಮೆಯಿಂದ ಹೇಳಿ ಎರಡನೆಯ ಅರ್ಧವನ್ನು ನುಂಗುವದುಂಟು. ನೆರೆಯವರು ಇದರ ತದ್ವಿರುದ್ಧ ಮಾಡುವದುಂಟು. ಎರಡೂ ಸರಿಯಲ್ಲ.

ಕೇಶವರಾವ ಭೋಸಲೆಯವರ ಚರಿತ್ರೆಯು ಈ ಸೂತ್ರದ ಅತ್ಯಂತ ಬಿಗಿಯಾದ ಗಂಟು. ೧೮೯೦ರ ಆಗಸ್ಟ ೯ರಂದು ಕೊಲ್ಹಾಪುರದಲ್ಲಿ ಬಡ ಮನೆಯೊಂದರಲ್ಲಿ ಅವರು ಜನಿಸಿದರು. ಸಾಲೆಗೆ ಹೋಗುವ ವಯಸ್ಸಿಗೆ ನಾಟಕದ ಬಿಡಾರ ಸೇರಿದರು. "ಸ್ವದೇಶಹಿತಚಿಂತಕ" ಮಂಡಳಿಯಲ್ಲಿ ಬಾಲನಟರಾಗಿ ಬೆಳೆದು, ಗೋವಿಂದ ಬಲ್ಲಾಳ ದೇವಲರ "ಶಾರದಾ" ನಾಟಕದ ನಾಯಕಿಯ ಪಾತ್ರದಿಂದ ಊರೂರಿಗೆ ಹೆಸರಾದರು. ಮುದುಕನಿಗೆ ಮಾರಲ್ಪಡುವ ಎಳೆಯ ಹುಡುಗಿಯ ಕಥೆ ಅದು. ಆ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ವಹಿಸುತ್ತಿದ್ದರು. ಕಂಪನಿಯ ಬಾಲನಟನೆಂದರೆ ಒಂದು ವಿಧದಲ್ಲಿ ಮಾಲೀಕನ ಸೊತ್ತು. ಅವನ ಅನ್ನವೂ ಅಲ್ಲಿ, ಗಾಯನದ ಪಾಠವೂ ಅಲ್ಲಿ. ಬಿಡಬೇಕೆಂದರೆ ಬಿಡಲಾಗದ ಕರಾರೂ ಅಲ್ಲಿಯೇ. ಅಂಥ ಬಾಳಿನಿಂದ ಹೊರಬಿದ್ದ ಕೇಶವರಾಯರು ೧೯೦೮ರ ಜನೇವರಿ ೧ರಂದು ತಮ್ಮದೇ ಆದ "ಲಲಿತಕಲಾದರ್ಶ" ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಆಗ ಅವರಿಗೆ ಇನ್ನೂ ೧೮ ತುಂಬಿರಲಿಲ್ಲ. ಸ್ಥಾಪನೆಯಾದ ಊರು ಕೊಲ್ಹಾಪುರವಲ್ಲ, ಪುಣೆಯಲ್ಲ, ಮುಂಬಯಿಯಲ್ಲ, ಹುಬ್ಬಳ್ಳಿ!

ಹುಬ್ಬಳ್ಳಿಯೇ ಏಕೆ? ೧೮೮೦ರ ದಶಕದಲ್ಲಿ ಸದರ್ನ ಮರಾಠಾ ರೇಲ್ವೆಯು ಅಲ್ಲಿಗೆ ಬಂದು, ಅದರ ದೊಡ್ಡ ವರ್ಕಶಾಪು ಅಲ್ಲಿ ನೆಲೆಸಿತು. ತಿಂಗಳ ಸಂಬಳ ಎಣಿಸಿಕೊಳ್ಳುವ ಸಾವಿರಾರು ಕೆಲಸಗಾರರು, ಅರಳೆಯ ವ್ಯಾಪಾರಿಗಳು, ಸುತ್ತಲಿನ ಗದಗ, ಧಾರವಾಡ, ಕುಂದಗೋಳಗಳ ಸಂಗೀತದ ರುಚಿಯುಳ್ಳ ಜನ ಇವರೆಲ್ಲ ಒಂದೆಡೆ ಸಿಗುವ ಊರು ಅದಾಯಿತು. ಪರದೆಗಳ ಸುರುಳಿ, ಪೋಷಾಕಿನ ಪೆಟ್ಟಿಗೆ, ಪಾಯಪೆಟ್ಟಿಗೆ, ಅಡಿಗೆಯ ಪಾತ್ರೆ ಇವೆಲ್ಲ ಸಾಗುವದು ರೈಲಿನಿಂದ. ಕೊಲ್ಹಾಪುರದ ಕವಲುದಾರಿಯು ೧೮೯೧ರಲ್ಲಿ ಮಿರಜಿಗೆ ಕೂಡಿತ್ತು, ಮಿರಜಿನಿಂದ ಬೆಳಗಾವಿಯ ಮೇಲಿಂದ ಹುಬ್ಬಳ್ಳಿಯ ಕಡೆಗೆ ದಾರಿ ತೆರೆದಿತ್ತು. ಕಂಪನಿಯವರ ಭೂಗೋಲವೆಂದರೆ ಸ್ಟೇಶನ್ನುಗಳ ಭೂಗೋಲ. ಭಾಷೆಯ ಗೆರೆಯು ಅವರ ನಕಾಶೆಯಲ್ಲಿ ಇರಲಿಲ್ಲ. ಹುಬ್ಬಳ್ಳಿಯ ಪ್ರೇಕ್ಷಕನು ಮನೆಯಲ್ಲಿ ಕನ್ನಡವಾಡಿ ರಾತ್ರಿ ಮರಾಠಿ ಪದಗಳಿಗೆ ತಲೆದೂಗುತ್ತಿದ್ದನು. ಕುಂದಗೋಳದ ರಾಮಭಾವು, ಅರ್ಥಾತ್ ಸವಾಯಿ ಗಂಧರ್ವರು, ಮರಾಠಿ ರಂಗದ ಮೇಲೆ ಸ್ತ್ರೀಪಾತ್ರ ವಹಿಸಿ ಹಾಡಿ ಆ ಬಿರುದು ಪಡೆದವರು. ಲಲಿತಕಲಾದರ್ಶವನ್ನು ಮೊದಲಿಗೆ ಪೋಷಿಸಿದ ಆಣೆ ಪಾವಲಿಗಳಲ್ಲಿ ಕನ್ನಡಿಗರ ಪಾಲು ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳುವೆವು. ಪ್ಯಾಲೇಸ್ ಥಿಯೇಟರು ತೆರೆದಾಗ ಕೇಶವರಾಯರಿಗೆ ೨೫. ಮಾಮಾ ವರೇರಕರರ "ಹಾಚ ಮುಲಾಚಾ ಬಾಪ", "ಸಂನ್ಯಾಶಾಚಾ ಸಂಸಾರ" ಮುಂತಾದ ಸಾಮಾಜಿಕ ನಾಟಕಗಳನ್ನು ಅವರ ಕಂಪನಿಯು ಧೈರ್ಯದಿಂದ ರಂಗಕ್ಕೆ ತಂದಿತು. ೧೯೨೧ರ ಜುಲೈ ೮ರಂದು ಮುಂಬಯಿಯಲ್ಲಿ ನಡೆದ "ಸಂಯುಕ್ತ ಮಾನಾಪಮಾನ"ವನ್ನು ಮರಾಠಿ ಜನ ಇಂದಿಗೂ ಕಣ್ಣರಳಿಸಿ ಹೇಳುವರು. ಎದುರಾಳಿ ಕಂಪನಿಗಳ ಇಬ್ಬರು ಒಡೆಯರು, ಧೈರ್ಯಧರನಾಗಿ ಕೇಶವರಾಯರು, ಭಾಮಿನಿಯಾಗಿ ಬಾಲಗಂಧರ್ವರು, ಟಿಳಕ ಸ್ವರಾಜ್ಯ ನಿಧಿಗಾಗಿ ಒಂದೇ ರಂಗದ ಮೇಲೆ ನಿಂತು ಹಾಡಿದರು. ಆ ನಾಟಕಕ್ಕೆ ಸ್ವರ ಹಾಕಿದ ಗೋವಿಂದರಾವ ಟೆಂಬೆಯವರೂ ಕೊಲ್ಹಾಪುರದ ಸಂಬಂಧದವರೇ. ಅದಾದ ಮೂರೇ ತಿಂಗಳಿಗೆ, ಅಕ್ಟೋಬರ ೪ರಂದು, ಕೇಶವರಾಯರು ತೀರಿಕೊಂಡರು. ವಯಸ್ಸು ೩೧. ಮರುವರ್ಷ ಮೇ ತಿಂಗಳಲ್ಲಿ ಶಾಹು ಮಹಾರಾಜರೂ ಹೋದರು. ಲಲಿತಕಲಾದರ್ಶವನ್ನು ಬಾಪೂರಾವ ಪೆಂಢಾರಕರರು ವಹಿಸಿಕೊಂಡು ನಡೆಯಿಸಿದರು, ಆ ಬಳಿಕ ಅವರ ಮಗ ಭಾಲಚಂದ್ರ ಪೆಂಢಾರಕರರು. ೧೯೫೭ರಲ್ಲಿ ಪ್ಯಾಲೇಸ್ ಥಿಯೇಟರಿಗೆ ಕೇಶವರಾವ ಭೋಸಲೆ ನಾಟ್ಯಗೃಹ ಎಂದು ಹೆಸರಾಯಿತು. ಅರಸನು ಕಟ್ಟಿದ ಮನೆಗೆ ನಟನ ಹೆಸರು! ಸಂಸ್ಥಾನಗಳು ಕರಗಿಹೋದ ಮೇಲಿನ ಕಾಲಕ್ಕೆ ಒಪ್ಪುವ ನಾಮಕರಣವಿದು ಎಂದು ನಮಗೆ ತೋರುತ್ತದೆ.

ನಾಟಕದ ಪರದೆಯಿಂದ ಚಲಚ್ಚಿತ್ರದ ಪರದೆಗೆ ದಾರಿ ಬಿದ್ದುದೂ ಇದೇ ಊರಿನಲ್ಲಿ. ಆಗಿನ ಪರದೆಯೆಂದರೆ ದರ್ಬಾರು, ಅರಣ್ಯ, ರಸ್ತೆ, ಅಂತಃಪುರಗಳನ್ನು ಬಣ್ಣದಿಂದ ಬರೆದ ದೊಡ್ಡ ಬಟ್ಟೆ. ಒಂದನ್ನು ಮೇಲಕ್ಕೆ ಸುತ್ತಿದರೆ ಹಿಂದಿನದು ಕಾಣುವದು. ಮುಂದಿನ ರಸ್ತೆಯ ಪರದೆಯ ಎದುರಿಗೆ ಇಬ್ಬರು ಮಾತಾಡುತ್ತಿರುವಾಗ ಹಿಂದೆ ದರ್ಬಾರಿನ ಸಿದ್ಧತೆಯಾಗುತ್ತಿತ್ತು. ಆ ಪರದೆಗಳ ಚಿತ್ರಕಾರರಲ್ಲಿ ಆನಂದರಾವ, ಬಾಬೂರಾವ ಎಂಬ ಕೊಲ್ಹಾಪುರದ ಸೋದರಸಂಬಂಧಿಗಳು ಅಗ್ರಗಣ್ಯರು. ಆನಂದರಾಯರು ಅಕಾಲದಲ್ಲಿ ತೀರಿದರು. ಬಾಬೂರಾವ ಪೇಂಟರರು ತಮ್ಮ ಕೈಯಿಂದಲೇ ಕ್ಯಾಮರಾ ಮಾಡಿ, ಮಹಾರಾಷ್ಟ್ರ ಫಿಲ್ಮ ಕಂಪನಿಯನ್ನು ಕಟ್ಟಿ, ೧೯೨೦ರಲ್ಲಿ "ಸೈರಂಧ್ರಿ" ಎಂಬ ಮೂಕಚಿತ್ರವನ್ನು ಹೊರತಂದರು. ಅವರ ಕೈಕೆಳಗೆ ಪಳಗಿದ ವ್ಹಿ. ಶಾಂತಾರಾಮರು ಹುಟ್ಟಿದ್ದು ಕೊಲ್ಹಾಪುರದಲ್ಲಿ. ಆದರೆ ಹುಡುಗತನದಲ್ಲಿ ಹುಬ್ಬಳ್ಳಿಯ ರೇಲ್ವೆ ವರ್ಕಶಾಪಿನಲ್ಲಿ ದುಡಿದವರು, ಅಲ್ಲಿಯ ತಗಡಿನ ಸಿನೆಮಾ ಮಂದಿರದಲ್ಲಿ ಬಾಗಿಲು ಕಾದವರು. ನೋಡಿರಿ, ಮತ್ತೆ ಹುಬ್ಬಳ್ಳಿ!

ಸಂಗೀತದ ಮಾತನ್ನು ಬಿಡಲಾಗದು. ಕೊಲ್ಹಾಪುರದ ಆಸ್ಥಾನದಲ್ಲಿ ಅಲ್ಲಾದಿಯಾ ಖಾನರು ನೆಲೆಸಿದ್ದರು. ಅವರ ಮಕ್ಕಳಾದ ಮಂಜಿಖಾನ, ಬುರ್ಜಿಖಾನರಿಂದ ಆ ಘರಾಣೆಯ ವಿದ್ಯೆಯನ್ನು ಪಡೆದವರು ಧಾರವಾಡದ ಮಲ್ಲಿಕಾರ್ಜುನ ಮನಸೂರರು. ಅವರೂ ಬಾಲ್ಯದಲ್ಲಿ ಕನ್ನಡ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಕೊಲ್ಹಾಪುರ ಸಂಸ್ಥಾನವೆಂಬುದೇ ಬರಿಯ ಮರಾಠಿ ಸೀಮೆಯಾಗಿರಲಿಲ್ಲ. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವು ಆ ಸಂಸ್ಥಾನಕ್ಕೆ ಸೇರಿತ್ತು. ಶಿರೋಳ ತಾಲೂಕಿನ ಹಳ್ಳಿಗಳಲ್ಲಿ ಕನ್ನಡದ ಮನೆಮಾತು ಇಂದಿಗೂ ಉಂಟು. ೧೯೪೯ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರಿತು, ೧೯೫೬ರಲ್ಲಿಯೂ ೧೯೬೦ರಲ್ಲಿಯೂ ಗೆರೆಗಳು ಹೊಸದಾಗಿ ಬಿದ್ದವು. ನಾವು ಒಂದು ಕಡೆ ಉಳಿದೆವು, ನಮ್ಮ ಬೀಗರು ಇನ್ನೊಂದು ಕಡೆ. ಗಡಿಯ ವಾದದ ಸಭೆಗಳಲ್ಲಿ ಎರಡೂ ಕಡೆಯವರು ಶಾಸನಗಳನ್ನು ಎಣಿಸುವರು, ಖಾನೇಶುಮಾರಿಯ ಅಂಕಿಗಳನ್ನು ಎಣಿಸುವರು. ನಾಟಕದ ಹಸ್ತಪತ್ರಿಕೆಗಳನ್ನು ಎಣಿಸಿದವರನ್ನು ನಾವು ಕಂಡಿಲ್ಲ. ಎಣಿಸಿದ್ದರೆ ಈ ನಾಟ್ಯಗೃಹವು ಯಾರದೆಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಕೇಳಲಾಗುತ್ತಿರಲಿಲ್ಲ.

ಈಗ ಬೆಂಕಿಯ ವಿಷಯ. ೨೦೨೪ರ ಆಗಸ್ಟ ೯ರಂದು ಕೇಶವರಾಯರ ಜಯಂತಿಯನ್ನು ಅದೇ ನಾಟ್ಯಗೃಹದಲ್ಲಿ ಆಚರಿಸುವದಿತ್ತು. ಹಿಂದಿನ ದಿನ ರಾತ್ರಿ ಕಟ್ಟಡದ ಹಿಂಬದಿಯಿಂದ, ಖಾಸಬಾಗದ ಕಡೆಯಿಂದ, ಉರಿಯು ಎದ್ದಿತು. ಕಟ್ಟಿಗೆಯ ರಂಗ, ಪರದೆಗಳು, ಆಸನಗಳು, ಮಾಡಿನ ತೊಲೆಗಳು ಇವೆಲ್ಲ ಬೆಂಕಿಗೆ ಒಳ್ಳೆಯ ಉರುವಲೇ. ನಾದವನ್ನು ಮೊಳಗಿಸುವ ಒಣ ಕಟ್ಟಿಗೆಯೇ ಬೇಗನೆ ಹತ್ತಿಕೊಳ್ಳುವದು. ಮೇಲಾಗಿ ಪರದೆಗಳನ್ನು ಎತ್ತಿಕಟ್ಟಲು ರಂಗದ ಮೇಲೆ ಎತ್ತರದ ಟೊಳ್ಳು ಇರುವದರಿಂದ ಅದು ಹೊಗೆಗೊಳವೆಯಂತೆ ಉರಿಯನ್ನು ಮೇಲಕ್ಕೆಳೆಯುವದು. ಎಲ್ಲ ದೇಶಗಳ ಹಳೆಯ ನಾಟಕಶಾಲೆಗಳಿಗೆ ಅಂಟಿದ ಶಾಪವಿದು. ಬೆಳಗಾದಾಗ ಕಲ್ಲಿನ ಗೋಡೆಗಳೂ ಮುಂಭಾಗವೂ ನಿಂತಿದ್ದವು. ಒಳಗೆ ಆಕಾಶ ಕಾಣುತ್ತಿತ್ತು. ಹಿರಿಯ ನಟರು ಬಂದು ಬಾಗಿಲಲ್ಲಿ ನಿಂತು ಕಣ್ಣೀರಿಟ್ಟರು. ರಾಜ್ಯ ಸರಕಾರವು ನೆರವನ್ನು ಸಾರಿತು, ಮಹಾನಗರಪಾಲಿಕೆಯು ಮೊದಲಿನ ರೂಪದಲ್ಲಿಯೇ ತಿರುಗಿ ಕಟ್ಟುವ ಕೆಲಸವನ್ನು ಕೈಕೊಂಡಿತು.

ಮೊದಲಿನ ರೂಪ ಎಂದರೇನು? ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಿಬಿಡುವೆವು. ಕಮಾನು ಕಿಟಕಿಗಳನ್ನು ಛಾಯಾಚಿತ್ರ ನೋಡಿ ತಿರುಗಿ ಮಾಡಬಹುದು. ಆದರೆ ನಾಟ್ಯಗೃಹವನ್ನು ಕಣ್ಣಿನಿಂದ ಮಾತ್ರ ಕಟ್ಟಿದರೆ ಅದು ಸಭಾಗೃಹವಾಗುವದು. ಧ್ವನಿವರ್ಧಕ ಇದ್ದೇ ಇದೆಯಲ್ಲ ಎಂದು ನೆಲಕ್ಕೆ ಕಾಂಕ್ರೀಟು ಹಾಸಿದರೆ ೧೯೧೫ರ ಮನೆಯು ಹೊರಗಿನಿಂದ ಮಾತ್ರ ಉಳಿದೀತು. ರಂಗದ ಕೆಳಗಿನ ಟೊಳ್ಳು, ಹಲಗೆಯ ನೆಲ, ಕಂಬವಿಲ್ಲದ ಒಳಾಂಗಣ ಇವು ಮೂರೂ ಮರಳಿ ಬಂದು, ಅವುಗಳ ಜೊತೆಗೆ ಬೆಂಕಿಯನ್ನು ತಡೆಯುವ ಏರ್ಪಾಡೂ ಬಂದರೆ ಆಗ ಪುನರ್ನಿರ್ಮಾಣವೆಂಬ ಮಾತು ಸಲ್ಲುವದು. ಮೈಕನ್ನು ಕೆಡಿಸಿ ಒಂದೇ ಒಂದು ನಾಟ್ಯಗೀತವನ್ನು ಹಾಡಿಸಿ, ಹಿಂದಿನ ಸಾಲಿನಲ್ಲಿ ಕುಳಿತು ಕೇಳುವದೇ ಅದರ ಪರೀಕ್ಷೆ.

ಹೋಗಿ ನೋಡಬೇಕೆನ್ನುವವರಿಗೆ ಕೆಲವು ಮಾತು. ಸೋಲಾಪುರದವರು ಸಾಂಗೋಲೆ, ಮಿರಜಗಳ ಮೇಲಿಂದ ಹೆದ್ದಾರಿಯಲ್ಲಿ ನೇರವಾಗಿ ಬರಬಹುದು. ಜತ್ತದವರು ಮಿರಜ ಅಥವಾ ಸಾಂಗಲಿಗೆ ಬಂದು ಮುಂದೆ ಸಾಗುವದು. ಸಾಂಗಲಿಯಲ್ಲಿ ಇಳಿಯುವದಾದರೆ ವಿಷ್ಣುದಾಸ ಭಾವೆಯವರ ಹೆಸರಿನ ನಾಟ್ಯಮಂದಿರವನ್ನು ಮೊದಲು ನೋಡಿರಿ. ಕಥೆಯ ಆರಂಭವು ಅಲ್ಲಿಯದು. ಕೊಲ್ಹಾಪುರದಲ್ಲಿ ಮಹಾಲಕ್ಷ್ಮಿಯ ಗುಡಿಯಿಂದ ಭವಾನಿಮಂಟಪದ ಮೇಲಿಂದ ಖಾಸಬಾಗಕ್ಕೆ ಕಾಲ್ನಡಿಗೆಯಲ್ಲಿಯೇ ಹೋಗಬಹುದು. ನಾಟ್ಯಗೃಹದ ಒಳಗೆ ಪ್ರವೇಶವಿದೆಯೋ ಇಲ್ಲವೋ ಎಂಬುದನ್ನು ಪಾಲಿಕೆಯ ಕಚೇರಿಯಲ್ಲಿ ವಿಚಾರಿಸಿಯೇ ಮಕ್ಕಳನ್ನು ಹೊರಡಿಸುವದು ಉತ್ತಮ. ಬೆಂಕಿಯ ಅನಂತರ ನಾವು ಕೆಲವರು ಹೋಗಿದ್ದಾಗ ಹೊರಗಿನಿಂದ ಮಾತ್ರ ನೋಡಲು ಸಾಧ್ಯವಾಯಿತು. ಹೊರಗಿನಿಂದಲೂ ಕಲಿಸಲು ಬೇಕಾದಷ್ಟಿದೆ. ಮುಂಭಾಗದ ಕಲ್ಲುಕೆಲಸವನ್ನು ನೋಡಿ, ಬದಿಯ ಗೋಡೆಯ ಗುಂಟ ನಡೆದು, ಮುಂಭಾಗಕ್ಕೂ ರಂಗವಿರುವ ಹಿಂಭಾಗಕ್ಕೂ ಎಷ್ಟು ಅಂತರವಿದೆಯೆಂದು ಮಕ್ಕಳಿಂದ ಹೆಜ್ಜೆ ಎಣಿಸಿ ಅಳೆಯಿಸಿರಿ. ಅಷ್ಟು ದೂರಕ್ಕೆ ಬರಿಯ ಕಂಠದಿಂದ ಪದವನ್ನು ಮುಟ್ಟಿಸುತ್ತಿದ್ದರು ಎಂದರೆ ಅವರಿಗೆ ಅರ್ಥವಾಗುವದು.

ಹೋಗುವ ಮೊದಲು ತಮ್ಮ ತಮ್ಮ ಊರುಗಳಲ್ಲಿ ಒಂದು ಶೋಧವನ್ನೂ ಮಾಡುವದು. ನಮ್ಮ ಹಳ್ಳಿಗಳ ಹಳೆಯ ಮನೆಗಳ ಅಟ್ಟದ ಮೇಲೆ ಕಂಪನಿ ನಾಟಕದ ಹಸ್ತಪತ್ರಿಕೆ, ಪದಗಳ ಪುಸ್ತಕ, ಹರಿದ ಪರದೆಯ ತುಂಡು, ಕಾಲುಮುರಿದ ಪಾಯಪೆಟ್ಟಿಗೆ ಇಂಥವು ಇರುವ ಸಂಭವವುಂಟು. ಮರಾಠಿ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಿದ್ದ ಅಜ್ಜಂದಿರ ವಹಿ ಸಿಕ್ಕರೆ ಅದೊಂದು ದೊಡ್ಡ ಲಾಭ. ಗೆದ್ದಲಿಗೂ ರದ್ದಿಯವನಿಗೂ ಕೊಡುವ ಮೊದಲು ಅವುಗಳ ಛಾಯಾಚಿತ್ರ ತೆಗೆದು, ಮನೆಯವರ ಒಪ್ಪಿಗೆಯಿಂದ, ಯಾವ ಊರು, ಯಾವ ಕಂಪನಿ, ಯಾವ ವರ್ಷ ಎಂಬುದನ್ನು ಬೆನ್ನಿಗೆ ಬರೆದಿಟ್ಟರೆ ಸಾಕು.

ನಾಟ್ಯಗೃಹವನ್ನು ನೋಡಿದ ಮೇಲೆ ಹಿಂಬದಿಯ ಖಾಸಬಾಗ ಮೈದಾನಕ್ಕೆ ಹೋಗಿ ಅದರ ಮೇಲಿನ ಮೆಟ್ಟಿಲಲ್ಲಿ ಕುಳಿತುಕೊಳ್ಳಿರಿ. ವಿಜಾಪುರ, ಬೆಳಗಾವಿ ಸೀಮೆಗಳ ಪೈಲವಾನರೂ ಕೊಲ್ಹಾಪುರದ ತಾಲೀಮುಗಳಲ್ಲಿ ಪಳಗಿದವರೆಂಬುದನ್ನು ಮಕ್ಕಳಿಗೆ ಅಲ್ಲಿಯೇ ಹೇಳಬಹುದು. ಅಲ್ಲಿ ಕುಳಿತರೆ ಕೆಳಗೆ ಕೆಂಪು ಮಣ್ಣಿನ ಅಖಾಡ ಕಾಣುವದು, ಮಗ್ಗುಲಿಗೆ ನಾಟ್ಯಗೃಹದ ಹಿಂಬದಿ. ಬೆಂಕಿಯು ಬಂದದ್ದು ಈ ಮಗ್ಗುಲಿನಿಂದಲೇ.